ಮಿದುಳಿನಲ್ಲಿ ಸಿಕ್ಕ ಕೊಬ್ಬು

"ಅಕ್ಕೋರ, ನಾಳಿ ನಮ್ಮಪ್ಪನ ತಲಿ ಕೊಯ್ತಾರಂತ್ರಿ."

ಗೊಬ್ಬೂರಿನ ಪಂಚಶೀಲಾ ಅಫಜಲಪುರದಲ್ಲಿ ಮಂಜರಿ ಅಕ್ಕನ ಮನೆಯ ಹೊಸ್ತಿಲು ದಾಟುವ ಮುಂಚೆಯೇ ಅಂದಳು. ಹಿಂದೆ ಅವಳ ಅಪ್ಪ ಧಮ್ಮಪಾಲ. ಮಂಜರಿ ಅಕ್ಕ ಸ್ಕ್ಯಾನಿನ ಹಾಳೆಗಳನ್ನು ಇಸಿದುಕೊಂಡರು. ಆಸ್ಪತ್ರೆಯ ಯಂತ್ರಗಳ ಕೆಲಸ ಬಿಟ್ಟು ಪತ್ತೇದಾರಿಕೆಗೆ ಇಳಿದವರು ಅವರು. ಅವರ ಜೀಪು ಓಡಿಸುವವ ನಾನು.

ಧಮ್ಮಪಾಲನಿಗೆ ಫಿಟ್ಸ್ ಬಂದಿತ್ತು. ಮಿದುಳಲ್ಲಿ ಬಾರಿಹಣ್ಣಿನಷ್ಟು ಕಲೆ. ಆ ಜಾಗದಲ್ಲಿ ಏನೇನಿದೆಯೆಂದು ಸ್ಕ್ಯಾನ್ ಯಂತ್ರದಲ್ಲೇ ಅಳೆದಾಗ ಜೇವರ್ಗಿಯ ಆಸ್ಪತ್ರೆಯಲ್ಲಿ ಕೆಟ್ಟದ್ದೇನೂ ಕಾಣಲಿಲ್ಲ. ಆಳಂದದ ಆಸ್ಪತ್ರೆಯ ಹಾಳೆಯಲ್ಲಿ ಕೊಬ್ಬಿನ ಗೆರೆ ಗೋಪುರದಂತೆ ಎದ್ದಿತ್ತು. ಕೊಬ್ಬಿದ್ದರೆ ಕೆಟ್ಟ ಗಡ್ಡೆಯ ಅನುಮಾನ; ಅದಕ್ಕೇ ಅಲ್ಲಿ ನಾಳೆ ಆಪರೇಷನ್.

"ಆಳಂದದವ್ರು ಬೇಕಂತ ಸುಳ್ಳ ಬರದಾರ. ಕಾಲರ್ ಹಿಡದು ಕೇಳ್ತೇನಿ," ಅಂದೆ.

"ಸುಮ್ಕ ಜೀಪ್ ತೆಗಿಲೇ," ಅಂದ ಅಕ್ಕ ಧಮ್ಮಪಾಲನ ಕಡೆ ತಿರುಗಿದರು. " ಕಾಕಾ, ಮಿಷನ್ನಿನ್ಯಾಗ ಹ್ಯಾಂಗ ಮಲಗಿದ್ರಿ?"

"ಹೆಣದ್ಹಂಗ್ರಿ. ಮೊದಲ ಬರೇ ಗದ್ದಲ. ಆಮ್ಯಾಲ ನಡು ನಡುವ ಮೈಕಿನ್ಯಾಗ ಮಾತಾಡಿಸಿದ್ರು, ಎರಡೂ ಕಡಿ."

"ದಾರಿ ಕೆಟ್ಟದ. ಸೀಟ್ ಗಟ್ಟಿ ಹಿಡೀರಿ," ಅಂದರು ಅಕ್ಕ, ಜೀಪು ಹೊರಟಾಗ.

"ಆತ್ರಿ," ಎಂದು ಧಮ್ಮಪಾಲ ಗೋಣು ಆಡಿಸಿದ. ಅಕ್ಕ ಸಣ್ಣಗೆ ನಕ್ಕರು. ನನಗೆ ಇನ್ನಷ್ಟು ಸಿಟ್ಟೇರಿತು.

ಆಳಂದದಲ್ಲಿ ಡಾಕ್ಟರ್ ಅನೂಪ, ಸ್ಕ್ಯಾನ್ ಮಾಡಿದ ಮಿಲಿಂದ, ನಾವೆಲ್ಲ ಒಂದೇ ಕೋಣೆಯಲ್ಲಿ ಸೇರಿದೆವು.

"ಯಾರೂ ಸುಳ್ಳ ಹೇಳಿಲ್ಲ," ಅಕ್ಕ ಶುರು ಮಾಡಿದರು. "ಜೇವರ್ಗಿ ಪದ್ಧತಿ ಪ್ರತಿ ಸಲಾನೂ ಮಿದುಳಿನ್ಯಾಗ ಕಲೆ ಇರೋ ತುಂಡಿನ ಸಿಗ್ನಲ್ ಅಷ್ಟೇ ಹಿಡೀತದ. ನಿಮ್ಮದು ಇಡೀ ತಲಿ ಸಿಗ್ನಲ್ ಎಂಟು ಸಲ ಹಿಡದು, ಕೂಡಿ ಕಳದು, ಆ ತುಂಡು ಉಳಸ್ತದ. ನಡುವ ತಲಿ ಚೂರು ಸರದ್ರೂ ಕಳಿಯೋ ಲೆಕ್ಕ ಕೆಡ್ತದ. ನೆತ್ತಿ ಚರ್ಮದ ಕೆಳಗಿನ ಕೊಬ್ಬು ಮಿದುಳಿನ ಲೆಕ್ಕದಾಗ ಉಳೀತದ."

"ಕಾಕಾ ಸರದೇ ಇಲ್ರಿ," ಮಿಲಿಂದ ಅಂದ. "ಚಿತ್ರ ಸ್ವಚ್ಛ ಬಂದಾವ. ಅಳತಿ ಮಾಡುವಾಗ ಪ್ರತಿ ಸಲಕ್ಕೂ ಮೈಕಿನ್ಯಾಗ ಅಲುಗಾಡಬ್ಯಾಡ್ರಿ ಅಂದೇನಿ."

"ಚಿತ್ರ ತೆಗಿಯುವಾಗ ನೀ ಮಾತಾಡಿರಲಿಲ್ಲ. ಈಗ ಅದನ್ನ ಮತ್ತೊಮ್ಮೆ ಹೇಳು."

ಮಿಲಿಂದ ತಿರುಗಿದ. "ಕಾಕಾ, ಅಲುಗಾಡಬ್ಯಾಡ್ರಿ."

"ಆತ್ರಿ," ಎಂದು ಧಮ್ಮಪಾಲ ಗೋಣು ಆಡಿಸಿದ.

ಮಿಲಿಂದ ಹಣೆ ಬಡಿದುಕೊಂಡ.

"ಅದೇ ಪದ್ಧತಿಯಿಂದ ಮತ್ತ ಅಳೀರಿ," ಅಕ್ಕ ಅಂದರು. "ಈ ಸಲ ಬಾಯಿ ಮುಚ್ಚಿ."

ಪರದೆಯ ಮೇಲೆ ಗೆರೆ ಮೂಡುವಾಗ ಪಂಚಶೀಲಾ ನನ್ನ ರಟ್ಟೆ ಹಿಂಡಿದಳು. ಗೋಪುರವಿದ್ದ ಜಾಗ ನುಣ್ಣಗಿತ್ತು.

ಅನೂಪ ಕುರ್ಚಿಯಿಂದ ಎದ್ದರು. "ಹಳೇ ಪೆಟ್ಟಿನ ಕಲೆ ಇರಬೇಕು. ಗುಳಿಗಿ ಕೊಟ್ಟು ನೋಡೂಣು. ನಾಳಿ ಕೊಯ್ಯೋದಿಲ್ಲ, ಕಾಕಾ."

"ಆತ್ರಿ." ಗೋಣು ಮತ್ತೆ ಆಡಿತು. ಮಗಳು ಅಳುತ್ತ ನಕ್ಕಳು.

ಕಾಲರ್ ಹಿಡಿಯಲು ಬಂದಿದ್ದ ನನ್ನ ಕೈ ಮಿಲಿಂದನ ಹೆಗಲ ಮೇಲಿತ್ತು. "ಲೇ, ಇನ್ನಮ್ಯಾಲ ಸುಮ್ಕ ಕುಂತು ಸ್ಕ್ಯಾನ್ ಮಾಡು," ಅಂದೆ.

"ಆತ್ರಿ," ಎಂದು ಅವನೂ ಗೋಣು ಆಡಿಸಿದ.