ಹೊನ್ನಮ್ಮನ ಹೆಸರಿನ ರಿಟರ್ನ್

2025ರ ನವೆಂಬರ್ 18, ಮಂಗಳವಾರ, ಬೆಳಿಗ್ಗೆ 10.40. ಇನ್‌ಸ್ಪೆಕ್ಟರ್ ಶಾಂಭವಿ ಕೋರ್ಟಿಗೆ ಹೊರಡುವ ಹೊತ್ತಿಗೆ ತದಡಿಯ ಹೊನ್ನಮ್ಮ ಕುಮಟಾ ಠಾಣೆಯ ಮೆಟ್ಟಿಲು ಹತ್ತಿದಳು. ಕೈಯಲ್ಲಿ ಎರಡು ಕಾಗದಗಳಿದ್ದವು. ಒಂದು, ಬಿಪಿಎಲ್ ಕಾರ್ಡ್ ರದ್ದಾದ ನೋಟಿಸು. ಇನ್ನೊಂದು ಅದಕ್ಕೆ ಕಾರಣವಾದದ್ದು: ಅವಳ ಹೆಸರಿನಲ್ಲಿ ಸಲ್ಲಿಕೆಯಾದ ಆದಾಯ ತೆರಿಗೆ ರಿಟರ್ನ್. ವರ್ಷದ ಆದಾಯ 4,86,000 ರೂಪಾಯಿ.

“ಎಂತ ಕೆಲಸ ನಿಮ್ಮದು?”

“ಐಸ್ ಫ್ಯಾಕ್ಟರಿಲಿ ಮೀನಿನ ಪೆಟ್ಟಿಗೆ ತೊಳಿಯೂದು. ಏಜೆನ್ಸಿಯವ್ರು ಕೊಡೂದು ತಿಂಗ್ಳಿಗೆ ಒಂಬತ್ತೂವರೆ ಸಾವಿರ.”

“ಈ ರಿಟರ್ನ್ ಹಾಕಿದ್ದು ಯಾರು?”

“ಅದ್ನೇ ಕೇಳೂಕೆ ಬಂದದ್ದು. ಕಾರ್ಡ್ ಹೋಯ್ತು, ಗಂಡಂಗೆ ಪುಕ್ಕಟೆ ಆಗ್ತಿದ್ದ ಡಯಾಲಿಸಿಸ್ ನಿಂತೋಯ್ತು.” ಅವಳು ಸೆರಗಿನ ತುದಿ ಹಿಂಡಿದಳು. “‘ಅಷ್ಟು ದುಡ್ಡು ಎಲ್ಲಿ ಅಡಗ್ಸಿಟ್ಟೀಯೆ?’ ಅಂತ ಕೇಳ್ದ. ಆಣೆ ಹಾಕ್ದೆ, ನಂಬ್ಲಿಲ್ಲ. ಹತ್ತು ದಿನದ ಹಿಂದೆ ಹಾಂಗೇ ತೀರ್ಹೋದ.”

ಶಾಂಭವಿ ಕೋರ್ಟಿಗೆ ಹೋಗಲಿಲ್ಲ. 11.30ಕ್ಕೆ ಎಫ್‌ಐಆರ್ ದಾಖಲಾಯಿತು. ವಂಚನೆ, ಗುರುತಿನ ದುರ್ಬಳಕೆ.

ನವೆಂಬರ್ 20ರಂದು, ಐಸ್ ಫ್ಯಾಕ್ಟರಿಗೆ ಕೂಲಿಯವರನ್ನು ಒದಗಿಸುವ ಹೊನ್ನಾವರದ ಏಜೆನ್ಸಿ ಕಚೇರಿಯಲ್ಲಿ ಪಂಚನಾಮೆ ನಡೆಯಿತು. ಕಾನ್‌ಸ್ಟೆಬಲ್ ದಾಸ ಕಡತಗಳನ್ನು ಒಂದೊಂದಾಗಿ ಬಿಚ್ಚಿದ. ಕೂಲಿಯವರೆಲ್ಲ ದಾಖಲೆಯಲ್ಲಿ ಸ್ವತಂತ್ರ ಗುತ್ತಿಗೆದಾರರು. ನೌಕರರೆಂದು ಒಬ್ಬರೂ ಇಲ್ಲ. ನಲವತ್ತಮೂರು ಜನರ ಪಾವತಿಯನ್ನು ತೆರಿಗೆ ಇಲಾಖೆಗೆ ನಾಲ್ಕು ಪಟ್ಟಿಗೂ ಹೆಚ್ಚು ಹಿಗ್ಗಿಸಿ ತೋರಿಸಲಾಗಿತ್ತು. ಆ ಲೆಕ್ಕದ ಮೇಲೆ ಏಜೆನ್ಸಿ ಖಾತೆಯಿಂದ ಮುಂಗಡವಾಗಿ ತೆರಿಗೆ (ಟಿಡಿಎಸ್) ಕಟ್ಟಿ, ಕೂಲಿಯವರ ಹೆಸರಿನಲ್ಲಿ ಅದನ್ನೇ ರಿಫಂಡ್ ಪಡೆಯಲಾಗಿತ್ತು.

“ಇದನ್ನೆಲ್ಲ ನೋಡೋದು ಯಾರು?” ಶಾಂಭವಿ ಕೇಳಿದರು.

“ಗುಮಾಸ್ತ ನರೇಶ. ನಾನು ಸಹಿ ಅಷ್ಟೇ ಹಾಕೂದು,” ಎಂದ ಮಾಲೀಕ ವೆಂಕಟ್ರಮಣ. “ಗುತ್ತಿಗೆ ಕರಾರು ಮಾತ್ರ ಕಾನೂನಿನ ಪ್ರಕಾರ ಸರಿಯೇ ಇದೆ ಮೇಡಂ. ನಮ್ಮ ವಕೀಲರನ್ನ ಕೇಳಿ.”

ನರೇಶ ಎರಡು ದಿನದಿಂದ ಕೆಲಸಕ್ಕೆ ಬಂದಿರಲಿಲ್ಲ.

ಮರುದಿನ ಭಟ್ಕಳದ ಬ್ಯಾಂಕೊಂದರಲ್ಲಿ ಕೊಂಡಿ ಸಿಕ್ಕಿತು. ಕೆಲಸಕ್ಕೆ ಸೇರುವಾಗ ಕೊಟ್ಟ ಆಧಾರ್, ಹೆಬ್ಬೆಟ್ಟು ಬಳಸಿ, ರಿಫಂಡ್ ಜಮೆಯಾಗಲು ಕೂಲಿಯವರ ಹೆಸರಿನಲ್ಲಿ ನಲವತ್ತಮೂರು ಖಾತೆ ತೆರೆಯಲಾಗಿತ್ತು. ಎಲ್ಲಕ್ಕೂ ಒಂದೇ ಮೊಬೈಲ್ ನಂಬರು.

ನವೆಂಬರ್ 24, ಮಧ್ಯಾಹ್ನ 2.15. ಆ ನಂಬರಿನ ಜಾಡು ಹಿಡಿದು ದಾಸ ಭಟ್ಕಳ ಬಸ್ ನಿಲ್ದಾಣದ ಔಷಧಿ ಅಂಗಡಿಯೆದುರು ನರೇಶನ ತೋಳು ಹಿಡಿದ. ಅವನು ಕೊಸರಾಡಲಿಲ್ಲ. ಚೀಲದಲ್ಲಿ ದೊಡ್ಡವರ ಡೈಪರು, ನೋವಿನ ಮಾತ್ರೆಗಳಿದ್ದವು.

“ಯಾರಿಗೆ ಇದು?” ಠಾಣೆಯಲ್ಲಿ ಶಾಂಭವಿ ಕೇಳಿದರು.

“ಹೆಂಡ್ತಿ ಸುಮತಿಗೆ. ಬೈಕಿಂದ ಬಿದ್ದು ಬೆನ್ನುಮೂಳೆ ಮುರೀತು. ಹಾಸಿಗೆ ಹಿಡಿದು ಎರಡು ವರ್ಷ.”

“ನೌಕರರ ಇಎಸ್‌ಐ ವಿಮೆ ಇರ್ಲಿಲ್ವ?”

“ಕೇಳ್ದೆ. ಆರು ವರ್ಷ ದಿನಾ ಅದೇ ಕುರ್ಚಿಲಿ ಕೂತಿದ್ದೆ ಮೇಡಂ. ‘ನೀ ನೌಕರ ಅಲ್ಲ, ಗುತ್ತಿಗೆದಾರ’ ಅಂದ್ರು. ನನ್ನ ಕರಾರು ತೆಗೆದು ನೋಡಿದ್ರೆ ಹೌದು, ಹಾಂಗೇ ಬರ್ದಿತ್ತು.”

ಶಾಂಭವಿ ಪೆನ್ನು ಕೆಳಗಿಟ್ಟರು.

“ರಿಟರ್ನ್ ಹಾಕಿದ್ರೆ ಅವರ ಕಾರ್ಡ್ ಹೋಗ್ತದೆ ಅಂತ ಗೊತ್ತಿತ್ತಾ?”

“ಮೊದ್ಲು ಹಾಕಿದ್ದು ನನ್ನದೇ ಹೆಸ್ರಲ್ಲಿ,” ಎಂದ ನರೇಶ. “ಮೊದ್ಲು ಹೋದದ್ದೂ ನಮ್ಮ ಮನೆ ಕಾರ್ಡೇ. ಗೊತ್ತಿದ್ದೇ ಉಳಿದವ್ರದ್ದು ಹಾಕ್ದೆ.”

ಹೇಳಿಕೆ ಓದಿ ಹೇಳಿದಾಗ ಅವನು ಒಂದು ಪದವನ್ನೂ ತಿದ್ದಿಸಲಿಲ್ಲ. ಸಹಿ ಹಾಕಿದ ಮೇಲೆ, ಸುಮತಿಯನ್ನು ಸಂಜೆ ಮಗ್ಗುಲು ತಿರುಗಿಸಿ ಮಲಗಿಸಲು ಮನೆಯಲ್ಲಿ ಬೇರೆ ಯಾರೂ ಇಲ್ಲವೆಂದ. ಅದನ್ನು ಬರೆದುಕೊಳ್ಳಲು ಹೇಳಿಕೆಯ ಹಾಳೆಯಲ್ಲಿ ಜಾಗ ಉಳಿದಿರಲಿಲ್ಲ.