ಕಳಸಗಿತ್ತಿಯ ಮುಖ

"ಮದ್ವೆ ನಮ್ಮಕ್ಕಂದು. ಫೋಟೋದಲ್ಲಿ ಅವಳ ಮೊಕ ಎಲ್ರೀ?"

ಕೊಳ್ಳೇಗಾಲದ ಸ್ಟುಡಿಯೋ ಬಾಗಿಲಲ್ಲೇ ನಿಂತು ಮಾದೇವಿ ಕೇಳಿದಳು. ಬಂಡಳ್ಳಿಯಿಂದ ಬಸ್ಸಿನಲ್ಲಿ ಬರುವಷ್ಟು ಹೊತ್ತೂ ಕುದಿಯುತ್ತಿದ್ದ ಸಿಟ್ಟು ಅದು. ಫೋಟೋಗ್ರಾಫರ್ ರಂಗನಾಯಕ ಗಾಬರಿಯಿಂದ ಎದ್ದು ನಿಂತ. ಮದುವೆಯಲ್ಲಿ ಇಬ್ಬರೂ ಒಂದು ಮಾತೂ ಆಡಿರಲಿಲ್ಲ.

ಅವಳು ಮೊಬೈಲನ್ನು ಅವನ ಮೂಗಿನ ಹತ್ತಿರ ಹಿಡಿದಳು. ಧಾರೆಯ ಫೋಟೋಗಳು. ಮದುಮಗಳು ರತ್ನ ಪೂರ್ತಿ ಮಸುಕು. ಅವಳ ಬೆನ್ನ ಹಿಂದೆ ಕಳಸ ಹಿಡಿದು ನಿಂತ ಕಳಸಗಿತ್ತಿ ಮಾದೇವಿ ಮಾತ್ರ ರೆಪ್ಪೆ ಎಣಿಸುವಷ್ಟು ಸ್ಪಷ್ಟ. ಒಂದಲ್ಲ, ಎಲ್ಲವೂ ಹಾಗೇ.

"ಫೋಟೋದೋನ ಕಣ್ಣೆಲ್ಲಾ ತಂಗಿ ಮ್ಯಾಲೇ ಇತ್ತು ಅಂತ ಅಕ್ಕನ ಅತ್ತೆ ಆಡ್ಕತಾವ್ರೆ. ನಾನೇ ಸಲಿಗೆ ಕೊಟ್ನಂತೆ. ಅಕ್ಕ ನನ್ ಕೂಡೆ ಮಾತೇ ಬಿಟ್ಟವ್ಳೆ..."

ತಾಯಿಯಿಲ್ಲದ ಮನೆಯಲ್ಲಿ ಮಾದೇವಿಗೆ ಜಡೆ ಹಾಕಿ ಬೆಳೆಸಿದ ಅಕ್ಕ ಅವಳು.

ರಂಗನಾಯಕ ಕ್ಯಾಮೆರಾ ತಂದು ಅವಳ ಮುಂದಿಟ್ಟ.

"ಇದು ರೇಂಜ್‌ಫೈಂಡರ್ ಅನ್ನೋ ಜಾತಿ ಕ್ಯಾಮೆರಾ. ಈ ದುಡ್ಡಿಗೆ ಹಳೇ ಕಾರೇ ಬತ್ತಿತ್ತು. ಕ್ಲಿಕ್ ಅಂದ್ರೆ ಪಕ್ಕದೋರ್ಗೂ ಕೇಳಾಕಿಲ್ಲ, ಧಾರೆ ಟೈಮಲ್ಲಿ ಯಾರೂ ನನ್ ಕಡೆ ತಿರುಗಲ್ಲ. ಅದ್ಕೇ ಆಸೆ ಬಿದ್ದು ತಕಂಡೆ. ಆದ್ರೆ ಫೋಕಸ್ ಎಲ್ಲಾ ಕೈಯಲ್ಲೇ. ಕಣ್ಣಿಟ್ಟು ನೋಡೋ ಈ ಕಿಂಡೀಲಿ ಮೊಕ ಎರಡೆರಡಾಗಿ ಕಾಣ್ತದೆ. ಎರಡೂ ಒಂದಾಗೋಗಂಟ ಲೆನ್ಸ್ ತಿರುಗಿಸ್ಬೇಕು."

"ಅಕ್ಕಂಗೆ ಮಾತ್ರ ಯಾಕೆ ತಿರುಗಿಸ್ನಿಲ್ಲ?"

"ತಿರುಗಿಸ್ದೆ ಕಣ್ರಿ. ಕಿಂಡೀಲಿ ಸರ್ಯಾಗೇ ಕಾಣ್ತು. ಮದ್ವೆಗೆ ಬರೋವಾಗ ಸತ್ತೇಗಾಲದ ತಾವ ಬ್ಯಾಗು ಬೈಕಿಂದ ಬಿತ್ತು, ಒಳಗಿನ ಅಳತೆ ಚೂರು ಜರುಗ್ಬುಟ್ಟದೆ. ಕಿಂಡಿ ತೋರ್ಸೋದೇ ಬೇರೆ, ಲೆನ್ಸ್ ಹಿಡಿಯೋದೇ ಬೇರೆ. ನಾನು ಎದುರ್ಗಿರೋರ್ನ ಹಿಡುದ್ರೆ ಅದು ಹಿಂದಿರೋರ್ನ ಹಿಡೀತದೆ. ಹಿಂದಿನ ಸ್ಕ್ರೀನ್ ನೋಡಿದ್ರೆ ಅವಾಗ್ಲೇ ಗೊತ್ತಾಗ್ತಿತ್ತು. ನೋಡ್ದೆ ತೆಗಿಯೋದೇ ಗತ್ತು ಅನ್ಕಂಡಿದ್ದೆ."

"ಇದ್ನೇ ಅಕ್ಕಂಗೆ ಹೇಳಿ."

ಅವಳು ಅಕ್ಕನಿಗೆ ಫೋನ್ ಮಾಡಿ ಸ್ಪೀಕರ್ ಒತ್ತಿದಳು. ಅವನು ಏನೂ ಮುಚ್ಚಿಡದೆ ಹೇಳಿದ. ಯಳಂದೂರಿನ ನಿಮ್ಮ ಗಂಡನ ಮನೆಗೆ ಬಂದು ನಿಮ್ಮತ್ತೆ ಹತ್ರ ನಾನೇ ತಪ್ಪು ಒಪ್ಪಿಕೊಳ್ಳುತ್ತೇನೆ, ಧಾರೆಯ ಚಿತ್ರಗಳನ್ನು ಮದುವೆ ವಿಡಿಯೋದಿಂದ ತೆಗೆದು ಕೊಡುತ್ತೇನೆ ಎಂದ.

ಮಾದೇವಿ ಫೋನನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಲೇ ಮಾದೇವಿ..." ಆ ಕಡೆಯಿಂದ ರತ್ನ ಕರೆದಳು. "ಉಂಡ್ಯಾ?"

ಅಷ್ಟು ಸಾಕಾಯಿತು. ಮಾದೇವಿ ಸೆರಗಿನಿಂದ ಕಣ್ಣೊರೆಸಿಕೊಂಡು, "ಊಂ ಕಣಕ್ಕ," ಅಂದು ಫೋನ್ ಇಟ್ಟಳು.

ಈಗ ನೆಮ್ಮದಿಯಾಗಬೇಕಿತ್ತು. ಆದರೆ ಎದೆಯಲ್ಲಿ ಏನೋ ಖಾಲಿ. 'ಅಂದ್ರೆ ಎಲ್ಲಾ ಕ್ಯಾಮೆರಾದ ತಪ್ಪು... ಇವ್ನು ನನ್ನ ನೋಡೇ ಇರ್ನಿಲ್ಲ.' ಹಾಗೆ ಅನ್ನಿಸಿದ್ದಕ್ಕೆ ತನ್ನ ಮೇಲೇ ಕೋಪ ಬಂದು ಅವಳು ಬಾಗಿಲ ಕಡೆ ತಿರುಗಿದಳು.

"ನಿಂತ್ಕಳಿ. ಇನ್ನೊಂದು ಫೋಟೋ ಅದೆ. ಯಾರ್ಗೂ ಕೊಟ್ಟಿಲ್ಲ."

ಅವನು ಕ್ಯಾಮೆರಾದ ಸ್ಕ್ರೀನಿನಲ್ಲಿ ತೋರಿಸಿದ. ಮದುವೆ ಚೌಟ್ರಿಯ ಹಿತ್ತಲು. ಕಳಸ ಇಳಿಸಿ ಮುಖ ತೊಳೆದುಕೊಂಡು ನಿಂತ ಮಾದೇವಿ. ಮುಖವೆಲ್ಲ ಮಸುಕು, ಹಿಂದಿನ ತೆಂಗಿನ ಮರ ಮಾತ್ರ ಗರಿ ಎಣಿಸುವಷ್ಟು ಸ್ಪಷ್ಟವಾಗಿ ಕಾಣುತ್ತಿತ್ತು.

"ಇದೂ ಕೆಟ್ಟೋಗ್ಬುಟ್ಟದಲ್ಲ," ಅಂದಳು.

"ಅದ್ರಲ್ಲಿ ನಿಮ್ ಎದುರ್ಗೆ ಯಾರವ್ರೆ, ನೋಡಿ."

ಅವಳು ನೋಡಿದಳು. ಯಾರೂ ಇರಲಿಲ್ಲ.

"ಮಿಕ್ಕಿದ್ದೆಲ್ಲಾ ಕ್ಯಾಮೆರಾ ತೆಗುದದ್ದು," ರಂಗನಾಯಕ ತಲೆ ತಗ್ಗಿಸಿದ. "ನಿಮ್ಮನ್ನೇ ನೋಡಿ ನಾನು ತೆಗುದದ್ದು ಇದೊಂದೇ."

ಮಾದೇವಿಗೆ ಕೆನ್ನೆ ಬಿಸಿಯಾಯಿತು. ಆ ಮಸುಕು ಮುಖವನ್ನು ಅವಳು ಬಹಳ ಹೊತ್ತು ನೋಡಿದಳು.

"ರಿಪೇರಿ ಮಾಡ್ಸಿ," ಎಂದಳು ಕೊನೆಗೆ.

"ಮಾಡ್ಸಿದ್ರೆ... ಬತ್ತೀರಾ?"

"ಅಕ್ಕನ್ನ ಕರ್ಕಂಡು ಬತ್ತೀನಿ. ಈ ಸತಿ ನಾನು ಮುಂದ್ಗಡೆ, ಅವ್ಳು ಹಿಂದ್ಗಡೆ ನಿಂತ್ಕಳ್ಳಿ."