ಶಿವಲಿಂಗಯ್ಯನ ಮೂರುಮೂಲೆ ಗೋಡೆ

ಖೈರುನ್ನೀಸಾ ಬಂದಾಗ ದೊಡ್ಡತಾಯಮ್ಮ ಅವರೆಕಾಯಿ ಬಿಡಿಸುತ್ತಿದ್ದಳು. ಜೈಲಿನ ವಾರ್ಡರ್ ಕೆಲಸದಿಂದ ನಿವೃತ್ತಳಾಗಿ ಶ್ರೀರಂಗಪಟ್ಟಣದಲ್ಲಿ ನನ್ನ ಪಕ್ಕದ ಮನೆಗೆ ಬಂದಿದ್ದ ದೊಡ್ಡತಾಯಮ್ಮ, ಪೊಲೀಸರು ಬಿಟ್ಟ ಎಷ್ಟೋ ಗಂಟುಗಳನ್ನು ಬಿಡಿಸಿದ್ದನ್ನು ನಾನೇ ಕಂಡಿದ್ದೆ.

"ಅಮ್ಮಾ, ಖುದಾ ಕಸಮ್, ನಮ್ಮೋರು ಕಟ್ಟಿದ ಗೋಡೆ ಅಂಗೆಲ್ಲಾ ಬೀಳಾಕಿಲ್ಲ!"

ಖೈರುನ್ನೀಸಾಳ ಗಂಡ, ಗಾರೆ ಕೆಲಸದ ಯಾಸಿನ್ ಪಾಲಹಳ್ಳಿಯಲ್ಲಿ ಶಿವಲಿಂಗಯ್ಯನ ಹೆಂಚಿನ ಮನೆ ಕಟ್ಟಿದ್ದ. ಗೃಹಪ್ರವೇಶವಾಗಿ ತಿಂಗಳಿಗೆ, ಅಟ್ಟದ ಬದಿಯಲ್ಲಿ ಮೂರು ಮೂಲೆಯಾಗಿ ಏರಿದ್ದ ಗೋಡೆ ಹೊರಕ್ಕೆ ಉರುಳಿ, ಕೆಳಗೆ ಜಗಲಿಯ ಮೇಲೆ ಮಲಗಿದ್ದ ಶಿವಲಿಂಗಯ್ಯ ಸತ್ತ. ಕೆಟ್ಟ ಕೆಲಸವೆಂದು ಯಾಸಿನ್‌ನನ್ನು ಪೊಲೀಸರು ಹಿಡಿದಿದ್ದರು.

ನಾವು ಹೋದಾಗ ಸತ್ತವನ ತಮ್ಮ ರವೀಂದ್ರ ಕೂಗಾಡುತ್ತಿದ್ದ. "ನಮ್ಮಣ್ಣನ್ನ ತಿಂದ್ಬುಟ್ಟ! ಅವ್ನು ಜೈಲಲ್ಲೇ ಕೊಳೀಬೇಕು!"

"ಜೈಲು ನಾನು ನೋಡಿವ್ನಿ ಕಣಪ್ಪ. ತಪ್ಪು ಮಾಡ್ದೋರೂ ಕೊಳೀತಾರೆ, ಮಾಡ್ದೆ ಇರೋರೂ ಕೊಳೀತಾರೆ," ಎಂದಳು ದೊಡ್ಡತಾಯಮ್ಮ.

ಮಾಡು ಮರದ ಕಂಬಗಳ ಮೇಲೆ ನಿಂತಿತ್ತು. ಒಂದು ಹೆಂಚೂ ಜಾರಿರಲಿಲ್ಲ. ಬಿದ್ದ ಇಟ್ಟಿಗೆಗಳ ಒಳಮೈ, ಸಂದಿನ ಮಣ್ಣು ಎಲ್ಲವೂ ಒಲೆಯ ಹೊಗೆಗೆ ಕಪ್ಪಾಗಿದ್ದವು. ತಳದ ಒಂದು ಸಾಲಿನ ಸಂದು ಮಾತ್ರ ಕಪ್ಪಾಗಿರಲಿಲ್ಲ. ಆ ಮಣ್ಣು ಒಣಗಿ ಗಟ್ಟಿಯಾಗಿತ್ತು. ದೊಡ್ಡತಾಯಮ್ಮ ಉಗುರಿನಿಂದ ಕೆರೆದಳು. ಹುಲ್ಲಿನ ಚೂರು ಉದುರಿತು. ಮೂಸಿ ನೋಡಿ, ಶಿವಲಿಂಗಯ್ಯನ ಹೆಂಡತಿ ಪ್ರಮೀಳಾಳನ್ನು ಕೇಳಿದಳು: "ನೀನೆಲ್ಲಿದ್ದೆ ತಾಯಿ?"

"ಗೃಹಪ್ರವೇಶದ ಮಾರನೇ ದಿನಾನೇ ತವರಿಗೆ, ಹೊಸಹೊಳಲಿಗೆ ಓಗಿದ್ದೆ. ಸಾವಿನ ಸುದ್ದಿ ಕೇಳೇ ಬಂದಿದ್ದು. ಮನೇಲಿ ಅಡಿಗೆಗೆ ಕುಳ್ಳಮ್ಮ ಇದ್ಲು."

ಸಬ್ ಇನ್ಸ್‌ಪೆಕ್ಟರನ್ನು ಕರೆಸಿ, ದೊಡ್ಡತಾಯಮ್ಮ ಎಲ್ಲರನ್ನೂ ಅಂಗಳದಲ್ಲಿ ಕೂರಿಸಿದಳು.

"ಮಾಡಿನ ಭಾರ ಈ ಗೋಡೆ ಮೇಲಿಲ್ಲ. ಆದ್ರೂ ಹೊರಕ್ಕೆ ಬಿತ್ತು ಅಂದ್ರೆ ಅಟ್ಟದಿಂದ ಯಾರೋ ತಳ್ಳವ್ರೆ. ಅದಕ್ಕೆ ಮುಂಚೆ ಒಂದು ಸಾಲಿನ ಸಂದು ಕೆರೆದು, ಗೊತ್ತಾಗ್ದಂಗೆ ಮೆತ್ತವ್ರೆ. ಅಲ್ಲಿ ಹೊಗೆ ಹಿಡಿದಿಲ್ಲ, ಅಂದ್ರೆ ಒಲೆ ಹಚ್ಚಿದ ಮೇಲಿನ ಕೆಲಸ. ಯಾಸಿನ್ ಆಗ್ಲೇ ಹೋಗಿದ್ದ."

"ಅಂಗಾರೆ ನಾನು ಮಾಡಿದ್ನಾ?" ರವೀಂದ್ರ ಎದ್ದು ನಿಂತ.

"ಕೂತ್ಕೊಳಪ್ಪ. ಮೆತ್ತಿದ ಮಣ್ಣಿಗೆ ಸಗಣಿ ಕಲೆಸವ್ರೆ. ಗಾರೆಯವ್ರು ಕಲೆಸಲ್ಲ, ಗಂಡಸ್ರಿಗೆ ನೆನಪೇ ಆಗಲ್ಲ. ದಿನಾ ನೆಲ ಸಾರಿಸೋ ಕೈಗೆ ಅದು ಅಭ್ಯಾಸ. ಪ್ರಮೀಳಾ ಊರಲ್ಲಿರ್ಲಿಲ್ಲ. ಇನ್ಯಾರ ಕೈ, ಕುಳ್ಳಮ್ಮ?"

ಕುಳ್ಳಮ್ಮ ಅಳಲಿಲ್ಲ. "ನನ್ನ ಗಂಡ ಕರಿಯಯ್ಯ ಈ ಶಿವಲಿಂಗಯ್ಯನ ಆಲೆಮನೇಲಿ ಗಾಣಕ್ಕೆ ಕಬ್ಬು ಕೊಡ್ತಿದ್ದ. ಕೈ ಗಾಣಕ್ಕೆ ಸಿಕ್ಕಾಗ ಎಂಜಿನ್ನು ನಿಲ್ಸಿ ಅಂತ ಬಡ್ಕೊಂಡೆ. 'ಕೊಪ್ಪರಿಗೆ ತುಂಬ್ಲಿ ತಡಿಯಮ್ಮಿ' ಅಂದ. ನನ್ನ ಗಂಡ ಉಳೀಲಿಲ್ಲ. ಅವತ್ತಿಂದ ಇವನ ಮನೇಲೇ ಪಾತ್ರೆ ಉಜ್ಜಿದೆ, ದಿನ ಕಾಯ್ದೆ. ಒನಕೆಯಿಂದ ಮೀಟ್ದೆ, ಬಿತ್ತು. ಕೆಳಗಿಂದ ನನ್ನನ್ನೇ ಕೂಗ್ದ. 'ತಡಿಯಪ್ಪ' ಅಂದೆ."

ಖೈರುನ್ನೀಸಾ ಎದ್ದು ಅವಳ ಮುಂದೆ ಹೋಗಿ ನಿಂತಳು.

"ನಿನ್ನ ಸೇಡು ನೀನು ತೀರುಸ್ಕೊಂಡೆ ಬುಡು. ನನ್ನ ಗಂಡನ್ನ ಹಿಡ್ಕೊಂಡು ಹೋದಾಗ ನಾನೂ ನಿನ್ನಂಗೇ ಬಡ್ಕೊಂಡೆ. ಆಗ ನೀನು ಎಲ್ಲಿದ್ದೆ?"

ಕುಳ್ಳಮ್ಮ ಸೆರಗನ್ನು ಮುಖಕ್ಕೆ ಒತ್ತಿಕೊಂಡು ಕುಸಿದಳು.